ಬೆಂಕಿ ಓಡುವ ಲೆಕ್ಕ

ಕನ್ನಡದಲ್ಲಿ ‘ಸ್ಫೋಟ’ ಎಂಬ ಒಂದೇ ಪದ ಎಷ್ಟೊಂದು ಕೆಲಸ ಮಾಡುತ್ತದೆ ನೋಡಿ. ಸಿಲಿಂಡರ್ ಸ್ಫೋಟ, ಪಟಾಕಿ ಗೋದಾಮಿನಲ್ಲಿ ಸ್ಫೋಟ, ಕಲ್ಲು ಕ್ವಾರಿಯಲ್ಲಿ ಸ್ಫೋಟ, ಸಾಲದ್ದಕ್ಕೆ ಜನಸಂಖ್ಯಾ ಸ್ಫೋಟ. ಪೇಪರ್ ಓದುವವರಿಗೆ ಎಲ್ಲವೂ ಒಂದೇ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಈ ಸಲದ ಮಿನಿ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡಿರುವುದು ಈ ಒಂದು ಪದದೊಳಗೆ ಅಡಗಿ ಕೂತಿರುವ ಎರಡು ಬೇರೆ ಬೇರೆ ಬೆಂಕಿಗಳನ್ನು. ಎರಡರಲ್ಲಿ ಒಂದು ನಡೆಯುತ್ತದೆ, ಇನ್ನೊಂದು ಓಡುತ್ತದೆ. ನನ್ನ ಪ್ರಾಜೆಕ್ಟ್ ಇರುವುದು ಓಡುವ ಬೆಂಕಿಯ ಮೇಲೆ.

ವಿಷಯ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. ‘ಬಾಂಬಿನ ಲೆಕ್ಕ ಬಿಟ್ಟು ಬೇರೆ ಲೆಕ್ಕ ಸಿಗಲಿಲ್ವೇನೇ ನಿನಗೆ?’ ಹಾಸ್ಟೆಲ್ ಗೆಳತಿಯರ ಪ್ರಶ್ನೆ ಬೇರೆ: ‘ಇದರಿಂದ ಪ್ಲೇಸ್‌ಮೆಂಟ್‌ಗೆ ಏನು ಉಪಯೋಗ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಉತ್ತರಕ್ಕೆ ಮೊದಲು ಬೆಂಕಿಯ ಕಥೆ ಹೇಳಬೇಕು.

ನಡೆಯುವ ಬೆಂಕಿ ನಮಗೆಲ್ಲ ಗೊತ್ತು. ಒಲೆ, ಊದಿನಕಡ್ಡಿ, ಗದ್ದೆಯಲ್ಲಿ ಸುಡುವ ಹುಲ್ಲು. ಉರಿಯುವ ಭಾಗ ಪಕ್ಕದ ಭಾಗಕ್ಕೆ ಶಾಖ ಕೊಡುತ್ತದೆ, ಅದು ಕಾದು ಹೊತ್ತಿಕೊಳ್ಳುತ್ತದೆ, ಅದರ ಪಕ್ಕದ್ದಕ್ಕೆ ದಾಟಿಸುತ್ತದೆ. ಇದಕ್ಕೆ ಡಿಫ್ಲಗ್ರೇಷನ್ ಎನ್ನುತ್ತಾರೆ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಆಗುವ ಅನಾಹುತಗಳೂ ಬಹುತೇಕ ಇದೇ ಜಾತಿಯವು. ಎಷ್ಟೇ ರಭಸವಾಗಿದ್ದರೂ ಈ ಬೆಂಕಿ ಶಬ್ದದ ವೇಗ ದಾಟುವುದಿಲ್ಲ.

ಓಡುವ ಬೆಂಕಿಯ ರೀತಿಯೇ ಬೇರೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುತ್ತದಲ್ಲ? ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಈಗ ಶಬ್ದಕ್ಕಿಂತ ವೇಗವಾಗಿ ನುಗ್ಗುವ ಒತ್ತಡದ ಗೋಡೆಯೊಂದನ್ನು, ಅಂದರೆ ಶಾಕ್ ವೇವ್ ಅಥವಾ ಆಘಾತ ತರಂಗವನ್ನು ಕಲ್ಪಿಸಿಕೊಳ್ಳಿ. ಅದು ಹಾದುಹೋದ ಜಾಗದ ಅನಿಲ ಬರೀ ಒತ್ತಡದಿಂದಲೇ ನೂರಾರು ಡಿಗ್ರಿ ಕಾದು ತಾನಾಗಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡ ಅನಿಲ ಹಿಗ್ಗಿ ಅದೇ ಆಘಾತವನ್ನು ಮುಂದಕ್ಕೆ ನೂಕುತ್ತದೆ. ಆಘಾತ ಬೆಂಕಿ ಹಚ್ಚುತ್ತದೆ, ಬೆಂಕಿ ಆಘಾತವನ್ನು ಓಡಿಸುತ್ತದೆ. ಇದು ಡಿಟೊನೇಷನ್.

ನನಗೆ ಇದು ಸರಿಯಾಗಿ ಮನಸ್ಸಿಗೆ ಹತ್ತಿದ್ದು ಕಂಬಳದ ವಿಡಿಯೊ ನೋಡುವಾಗ. ಮುಂದೆ ಜೋಡಿ ಕೋಣ, ಹಿಂದೆ ಹಗ್ಗ ಹಿಡಿದ ಓಟಗಾರ. ಕೋಣಗಳು ಅವನನ್ನು ಎಳೆಯುತ್ತವೆ, ಅವನು ಕೋಣಗಳನ್ನು ಅಟ್ಟುತ್ತಾನೆ. ಯಾರು ಯಾರನ್ನು ಓಡಿಸುತ್ತಿದ್ದಾರೆ ಎಂದು ಕೇಳಿದರೆ ಉತ್ತರವಿಲ್ಲ. ಕೋಣ ಆಘಾತ, ಓಟಗಾರ ಬೆಂಕಿ. ಈ ಚಿತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಷ್ಟು ಜೋರು ಓಟ? ಹೈಡ್ರೋಜನ್ ಮತ್ತು ಗಾಳಿ ಸರಿಯಾದ ಪ್ರಮಾಣದಲ್ಲಿ ಬೆರೆತಿದ್ದರೆ ಸೆಕೆಂಡಿಗೆ ಸುಮಾರು 1,970 ಮೀಟರ್. ಗಾಳಿಯ ಬದಲು ಶುದ್ಧ ಆಮ್ಲಜನಕವಿದ್ದರೆ ಸುಮಾರು 2,840. ಟಿಎನ್‌ಟಿಯಂಥ ಘನ ಸ್ಫೋಟಕದಲ್ಲಿ ಸುಮಾರು 6,900. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ 20 ಸೆಕೆಂಡು ಸಾಕು.

ಇಲ್ಲೊಂದು ತಮಾಷೆ ಇದೆ. ಒಂದು ಕೆ.ಜಿ. ಟಿಎನ್‌ಟಿಯಲ್ಲಿರುವ ಶಕ್ತಿಗಿಂತ ಒಂದು ಕೆ.ಜಿ. ತುಪ್ಪದಲ್ಲಿರುವ ಶಕ್ತಿ ಸುಮಾರು ಎಂಟು ಪಟ್ಟು ಹೆಚ್ಚು! ತುಪ್ಪ ಉರಿಯಲು ಹೊರಗಿನ ಆಮ್ಲಜನಕ ಬೇಕು, ಅದು ನಿಧಾನ. ಟಿಎನ್‌ಟಿ ತನಗೆ ಬೇಕಾದದ್ದನ್ನು ಅಣುವಿನೊಳಗೇ ಇಟ್ಟುಕೊಂಡಿರುತ್ತದೆ. ವ್ಯತ್ಯಾಸ ಇರುವುದು ಶಕ್ತಿಯಲ್ಲಲ್ಲ, ವೇಗದಲ್ಲಿ. ಒಂದು ದಿನ ಕ್ಲಾಸಿನಲ್ಲಿ ಕೂತು ಲೆಕ್ಕ ಹಾಕಿದೆ: ಟಿಎನ್‌ಟಿಯೊಳಗೆ ಸಾಗುವ ಅಲೆಯ ಮುಂಭಾಗದಲ್ಲಿ ಒಂದು ಚದರ ಸೆಂಟಿಮೀಟರ್, ಅಂದರೆ ಬೆರಳಿನ ಉಗುರಿನಷ್ಟು ಜಾಗ ತೆಗೆದುಕೊಂಡರೆ, ಅಲ್ಲಿ ಶಕ್ತಿ ಬಿಡುಗಡೆಯಾಗುವ ದರ ಸುಮಾರು 4,600 ಮೆಗಾವಾಟ್. ನಮ್ಮ ರಾಯಚೂರು ಶಾಖೋತ್ಪನ್ನ ಸ್ಥಾವರದ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಉಗುರಿನಗಲದಲ್ಲಿ ಎರಡೂವರೆ ಆರ್‌ಟಿಪಿಎಸ್! ಮೈಕ್ರೊಸೆಕೆಂಡುಗಳ ಮಟ್ಟಿಗೆ ಮಾತ್ರ, ಅಷ್ಟೇ.

ಇಂಥದ್ದನ್ನು ಸಮೀಕರಣದಲ್ಲಿ ಹಿಡಿಯಬಹುದು ಎಂದು ಮೊದಲು ಯಾರಿಗೆ ಹೊಳೆಯಿತು? ಕಥೆ ಶುರುವಾಗುವುದು 1881ರ ಸುಮಾರಿಗೆ ಫ್ರಾನ್ಸ್‌ನಲ್ಲಿ. ಬರ್ತೆಲೊ ಮತ್ತು ವಿಯೆಯ್ ಎಂಬಿಬ್ಬರು, ಮಲಾರ್ಡ್ ಮತ್ತು ಲೆ ಶಾಟೆಲಿಯೆ ಎಂಬ ಇನ್ನಿಬ್ಬರು, ಕೊಳವೆಗಳಲ್ಲಿ ಅನಿಲಕ್ಕೆ ಬೆಂಕಿ ಹಚ್ಚಿ ಅದರ ವೇಗ ಅಳೆಯುತ್ತಿದ್ದರು. ಲೆ ಶಾಟೆಲಿಯೆ ಹೆಸರು ಪಿಯು ಕೆಮಿಸ್ಟ್ರಿ ಓದಿದವರಿಗೆ ಹೊಸದಲ್ಲ. ಸಮತೋಲನದ ಆ ಐದು ಅಂಕದ ಪ್ರಶ್ನೆಯ ಲೆ ಶಾಟೆಲಿಯೆಯೇ ಇವರು. ಅವರು ಗಣಿ ಎಂಜಿನಿಯರ್ ಕೂಡ. ಕಲ್ಲಿದ್ದಲು ಗಣಿಗಳಲ್ಲಿ ಅನಿಲ ಹೊತ್ತಿಕೊಂಡು ಜನ ಸಾಯುತ್ತಿದ್ದ ಕಾಲ ಅದು. ಬೆಂಕಿ ಹೇಗೆ ಓಡುತ್ತದೆ ಎಂದು ಕಂಡುಹಿಡಿಯುವುದು ಅವರಿಗೆ ಬಾಂಬಿನ ಪ್ರಶ್ನೆಯಾಗಿರಲಿಲ್ಲ, ಗಣಿ ಕಾರ್ಮಿಕರ ಜೀವದ ಪ್ರಶ್ನೆಯಾಗಿತ್ತು. (ಅಮ್ಮನಿಗೆ ಕೊಟ್ಟ ಮೊದಲ ಉತ್ತರ ಇದು.)

ಕೊಳವೆ ಉದ್ದ ಮಾಡಿದರೂ, ಬೆಂಕಿ ಹಚ್ಚುವ ರೀತಿ ಬದಲಿಸಿದರೂ ಓಡುವ ಬೆಂಕಿಯ ವೇಗ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತಿತ್ತು. ಯಾಕೆ ಆ ಸಂಖ್ಯೆಯೇ? 1899ರಲ್ಲಿ ಇಂಗ್ಲೆಂಡಿನ ಚಾಪ್‌ಮನ್, ಕೆಲ ವರ್ಷಗಳ ಬಳಿಕ ಫ್ರಾನ್ಸಿನ ಜೂಗೆ ಇದಕ್ಕೆ ಉತ್ತರ ಕೊಟ್ಟರು. ಅವರ ಉಪಾಯ ನನಗೆ ಇಂದಿಗೂ ಮೆಚ್ಚುಗೆ. ಅಲೆಯ ಮೇಲೇ ಕೂತು ನೋಡಿ ಎಂದರು. ಆಗ ಮುಂದಿನಿಂದ ತಣ್ಣನೆಯ ಅನಿಲ ಒಳಗೆ ಬರುತ್ತದೆ, ಹಿಂದಿನಿಂದ ಉರಿದ ಅನಿಲ ಹೊರಗೆ ಹೋಗುತ್ತದೆ. ನಡುವೆ ಏನು ನಡೆಯುತ್ತದೆ ಎಂದು ಕೇಳಲೇಬೇಡಿ. ಒಳಗೆ ಹೋದಷ್ಟು ದ್ರವ್ಯರಾಶಿ ಹೊರಬರಬೇಕು, ಸಂವೇಗದ ಲೆಕ್ಕ ಸರಿಹೊಂದಬೇಕು, ಶಕ್ತಿಯ ಲೆಕ್ಕ ಸರಿಹೊಂದಬೇಕು. ಅಂಗಡಿಯಲ್ಲಿ ರಾತ್ರಿ ಜಮಾ-ಖರ್ಚು ತಾಳೆ ನೋಡುವ ಹಾಗೆ.

ಮೊದಲ ಎರಡು ನಿಯಮ ಸೇರಿಸಿದರೆ ಒತ್ತಡ ಮತ್ತು ಗಾತ್ರದ ಗ್ರಾಫ್‌ನಲ್ಲಿ ಒಂದು ನೇರ ಗೆರೆ ಬರುತ್ತದೆ. ವೇಗ ಹೆಚ್ಚಿದಷ್ಟೂ ಗೆರೆ ಕಡಿದಾಗುತ್ತದೆ. ಮೂರನೆಯದರಿಂದ ಒಂದು ವಕ್ರರೇಖೆ ಬರುತ್ತದೆ. ಎರಡೂ ಸೇರುವ ಜಾಗದಲ್ಲಿ ಉತ್ತರ. ವೇಗ ಕಡಿಮೆಯಿದ್ದರೆ ಗೆರೆ ವಕ್ರರೇಖೆಯನ್ನು ಮುಟ್ಟುವುದೇ ಇಲ್ಲ. ಜಾಸ್ತಿಯಿದ್ದರೆ ಎರಡು ಕಡೆ ಕತ್ತರಿಸುತ್ತದೆ. ಒಂದೇ ಒಂದು ವೇಗದಲ್ಲಿ ಮಾತ್ರ ಸವರಿಕೊಂಡು ಹೋಗುತ್ತದೆ. ಪ್ರಕೃತಿ ಆರಿಸುವುದು ಆ ವೇಗವನ್ನೇ. ಕಾರಣವೂ ಸೊಗಸಾಗಿದೆ: ಆ ವೇಗದಲ್ಲಿ ಉರಿದ ಅನಿಲ ಅಲೆಯಿಂದ ಹಿಂದಕ್ಕೆ ಸರಿಯುವುದು ಸರಿಯಾಗಿ ಅಲ್ಲಿನ ಶಬ್ದದ ವೇಗದಲ್ಲಿ. ಹಾಗಾಗಿ ಹಿಂದೆ ಏನೇ ಗಲಾಟೆ ಆದರೂ ಆ ಸುದ್ದಿ ಮುಂದಿನ ಅಲೆಯನ್ನು ತಲುಪುವುದಿಲ್ಲ. ಅಲೆ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ.

ಇದರಿಂದ ಸಿಗುವ ಒಂದು ಸರಳ ಸೂತ್ರವನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನೀವೂ ಮಾಡಿ ನೋಡಬಹುದು. ಒಂದು ಕೆ.ಜಿ. ಮಿಶ್ರಣ ಉರಿದಾಗ ಬರುವ ಶಾಖ ತೆಗೆದುಕೊಳ್ಳಿ, ಎರಡರಿಂದ ಗುಣಿಸಿ. ಗಾಮಾ, ಅಂದರೆ ಥರ್ಮೊಡೈನಮಿಕ್ಸ್‌ನಲ್ಲಿ ಬರುವ ಆ ವಿಶಿಷ್ಟೋಷ್ಣಗಳ ಅನುಪಾತದ ವರ್ಗದಿಂದ 1 ಕಳೆದು ಅದರಿಂದಲೂ ಗುಣಿಸಿ. ವರ್ಗಮೂಲ ತೆಗೆಯಿರಿ. ಹೈಡ್ರೋಜನ್-ಆಮ್ಲಜನಕಕ್ಕೆ ಶಾಖ ಸುಮಾರು 1.33 ಕೋಟಿ ಜೂಲ್, ಉರಿದ ಬಿಸಿ ಅನಿಲಕ್ಕೆ ಗಾಮಾ 1.2 ಎಂದಿಟ್ಟುಕೊಂಡರೆ ಉತ್ತರ ಸೆಕೆಂಡಿಗೆ 3,420 ಮೀಟರ್.

ನಿಜವಾದದ್ದು 2,840. ಉಳಿದ 580 ಮೀಟರ್ ಎಲ್ಲಿ ಹೋಯಿತು? ಅಲ್ಲಿನ ತಾಪ ಸುಮಾರು 3,700 ಕೆಲ್ವಿನ್. ಆ ಬಿಸಿಯಲ್ಲಿ ಹುಟ್ಟಿದ ನೀರಿನ ಅಣುಗಳೇ ಮತ್ತೆ ಒಡೆದು ಚೂರಾಗುತ್ತವೆ. ಒಡೆಯಲು ಶಾಖ ನುಂಗುತ್ತವೆ. ಸೂತ್ರ ಎಲ್ಲ ಶಾಖವೂ ಕೈಗೆ ಬಂತು ಎಂದುಕೊಂಡಿರುತ್ತದೆ, ಬಂದಿರುವುದಿಲ್ಲ. ಈ ಒಡೆಯುವಿಕೆಯನ್ನೂ ಲೆಕ್ಕಕ್ಕೆ ಸೇರಿಸಿದರೆ ಉತ್ತರ ಪ್ರಯೋಗದ ಅಳತೆಗೆ ಶೇಕಡಾ ಒಂದೆರಡರಷ್ಟು ಹತ್ತಿರ ಬರುತ್ತದೆ. ಮಿಥೇನ್-ಗಾಳಿಯ ಅಲೆ ಅಷ್ಟು ಬಿಸಿಯಾಗುವುದಿಲ್ಲ. ಅದಕ್ಕೆ 27.5 ಲಕ್ಷ ಜೂಲ್, ಗಾಮಾ 1.25 ಹಾಕಿ. 1,760 ಬರುತ್ತದೆ, ಸರಿಯಾದ ಲೆಕ್ಕದ ಉತ್ತರ ಸುಮಾರು 1,800. ಒಂದು ಪುಟದ ಲೆಕ್ಕಕ್ಕೆ ಇದು ಕಡಿಮೆಯೇನಲ್ಲ.

ಹಾಗಾದರೆ ಕೆಲಸ ಮುಗಿಯಿತಲ್ಲ, ಇನ್ನೇನು ಪ್ರಾಜೆಕ್ಟ್ ಎನ್ನುತ್ತೀರಾ? ನನ್ನ ಗೈಡ್ ಕೂಡ ಇದನ್ನೇ ಕೇಳಿದರು. ಇಲ್ಲಿದೆ ತೊಡಕು. ಹೈಡ್ರೋಜನ್-ಗಾಳಿಗೆ 1,970, ಮಿಥೇನ್-ಗಾಳಿಗೆ 1,800. ಸೂತ್ರದ ಕಣ್ಣಿಗೆ ಇಬ್ಬರೂ ಹೆಚ್ಚುಕಮ್ಮಿ ಅಣ್ಣತಮ್ಮಂದಿರು. ಆದರೆ ಎರಡು ಇಂಚಿನ ಪೈಪ್‌ನಲ್ಲಿ ಹೈಡ್ರೋಜನ್-ಗಾಳಿಯಲ್ಲಿ ಈ ಅಲೆ ಸಲೀಸಾಗಿ ಓಡುತ್ತದೆ. ಅದೇ ಪೈಪ್‌ನಲ್ಲಿ ಮಿಥೇನ್-ಗಾಳಿಯಲ್ಲಿ ನಿಲ್ಲುವುದೇ ಇಲ್ಲ, ಸತ್ತುಹೋಗುತ್ತದೆ. ‘ಓಡಿದರೆ ಎಷ್ಟು ವೇಗ’ ಎಂಬುದಕ್ಕೆ ನೂರಿಪ್ಪತ್ತು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ. ‘ಓಡುತ್ತದೋ ಇಲ್ಲವೋ’ ಎಂಬುದಕ್ಕೆ ಆ ಮೂರು ನಿಯಮಗಳಲ್ಲಿ ಉತ್ತರವಿಲ್ಲ. ಪೈಪ್ ಪಕ್ಕದಲ್ಲಿ ನಿಂತವನಿಗೆ ಬೇಕಾದದ್ದು ಎರಡನೆಯ ಉತ್ತರ. ಅದಕ್ಕೆ ಚಾಪ್‌ಮನ್ ಕೇಳಬೇಡಿ ಎಂದಿದ್ದನ್ನೇ ಕೇಳಬೇಕು. ಅಲೆಯ ಒಳಗೆ ಏನು ನಡೆಯುತ್ತಿದೆ?

ಎರಡನೇ ಮಹಾಯುದ್ಧದ ಕಾಲದಲ್ಲಿ ಮೂವರು, ಒಬ್ಬರಿಗೊಬ್ಬರು ಸಂಪರ್ಕವಿಲ್ಲದೆ, ಇದಕ್ಕೆ ಒಂದೇ ಉತ್ತರ ಬರೆದರು: 1940ರಲ್ಲಿ ಸೋವಿಯತ್ ಒಕ್ಕೂಟದ ಝೆಲ್ಡೋವಿಚ್, 1942ರಲ್ಲಿ ಅಮೆರಿಕದ ವಾನ್ ನ್ಯೂಮನ್, 1943ರಲ್ಲಿ ಜರ್ಮನಿಯ ಡೋರಿಂಗ್. ಮೂರೂ ದೇಶಗಳಿಗೆ ಇದು ಯಾಕೆ ಬೇಕಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಅವರ ಪ್ರಕಾರ ಮೊದಲು ಆಘಾತ ಬರುತ್ತದೆ, ಒತ್ತಡ ಒಮ್ಮೆಲೇ ಶಿಖರಕ್ಕೇರುತ್ತದೆ. ಆಗಿನ್ನೂ ಅನಿಲ ಉರಿದಿರುವುದಿಲ್ಲ! ಒಂದು ಸಣ್ಣ ಅಂತರದ ಬಳಿಕ ಉರಿ ಹತ್ತುತ್ತದೆ, ಒತ್ತಡ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಕೋಣಕ್ಕೂ ಓಟಗಾರನಿಗೂ ನಡುವೆ ಹಗ್ಗದ ಉದ್ದವಿದೆ. ಆ ಉದ್ದ ಎಷ್ಟು, ಅದು ಸ್ಥಿರವೋ ಅಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇದನ್ನೇ ನಾನು ಲ್ಯಾಪ್‌ಟಾಪ್‌ನಲ್ಲಿ ನೋಡಲು ಹೊರಟಿದ್ದು. ಪೈಥಾನ್‌ನಲ್ಲಿ ಬರೆದದ್ದು ಸುಮಾರು 300 ಸಾಲು. ಮೂರು ಸಂರಕ್ಷಣಾ ನಿಯಮಗಳು, ಜತೆಗೆ ಎಷ್ಟು ಉರಿದಿದೆ ಎಂದು ಲೆಕ್ಕ ಇಡುವ ನಾಲ್ಕನೇ ಸಮೀಕರಣ. ಕೊಳವೆಯನ್ನು ಸಾವಿರಾರು ಸಣ್ಣ ತುಂಡು ಮಾಡಿ, ಪ್ರತಿ ತುಂಡಿನಿಂದ ಪಕ್ಕದ ತುಂಡಿಗೆ ಎಷ್ಟು ಹರಿಯಿತು ಎಂದು ಹೆಜ್ಜೆಹೆಜ್ಜೆಗೂ ಲೆಕ್ಕ. ತುಂಡುಗಳ ಸಂಖ್ಯೆ ದುಪ್ಪಟ್ಟು ಮಾಡಿದರೆ ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಹಾಗಾಗಿ ಕಾಯುವ ಹೊತ್ತು ನಾಲ್ಕು ಪಟ್ಟು. ಉರಿಯುವ ವಲಯದಲ್ಲಿ 20 ತುಂಡು ಇಟ್ಟಾಗ 20 ನಿಮಿಷಕ್ಕೆ ಮುಗಿಯುವ ರನ್, 40 ಇಟ್ಟಾಗ 80 ನಿಮಿಷ. ಅಷ್ಟರಲ್ಲಿ ಮೆಸ್‌ಗೆ ಹೋಗಿ ಊಟ ಮುಗಿಸಿ ಬಟ್ಟೆ ಒಗೆದು ಬರಬಹುದು.

ಈ ಮಾದರಿಯಲ್ಲಿ ತಿರುಗಿಸಬಹುದಾದ ಮುಖ್ಯ ತಿರುಪು ಆಕ್ಟಿವೇಷನ್ ಎನರ್ಜಿ. ಅದು ಹೆಚ್ಚಿದ್ದಷ್ಟೂ ಉರಿಯುವ ಕ್ರಿಯೆ ತಾಪಕ್ಕೆ ಹೆಚ್ಚು ಸೂಕ್ಷ್ಮವಾಗುತ್ತದೆ. ಘಟಕಗಳಿಲ್ಲದ ಸಂಖ್ಯೆಯಾಗಿ ಅದನ್ನು 25 ಎಂದಿಟ್ಟೆ. (ಶಾಖ 50, ಗಾಮಾ 1.2, ಈ ಕ್ಷೇತ್ರದವರೆಲ್ಲ ಪರೀಕ್ಷೆಗೆ ಬಳಸುವ ಬೆಲೆಗಳು.) ಅಲೆಯ ಮುಂಭಾಗದ ಒತ್ತಡ ಮೊದಲು ಸ್ವಲ್ಪ ಕುಣಿದು, ಮೆಲ್ಲಗೆ ಶಾಂತವಾಗಿ ನೇರ ಗೆರೆಯಾಯಿತು. 26 ಮಾಡಿದೆ. ಶಾಂತವಾಗಲೇ ಇಲ್ಲ; ಒತ್ತಡ ಏರಿಳಿಯುತ್ತಲೇ ಇತ್ತು, ಗಡಿಯಾರದಂತೆ ಕ್ರಮಬದ್ಧವಾಗಿ. 27.5ಕ್ಕೆ ಒಂದು ದೊಡ್ಡ ಏರು, ಒಂದು ಸಣ್ಣ ಏರು, ಮತ್ತೆ ದೊಡ್ಡದು, ಮತ್ತೆ ಸಣ್ಣದು. 28.5ಕ್ಕೆ ಯಾವ ಕ್ರಮವೂ ಉಳಿಯಲಿಲ್ಲ. ನಾಲ್ಕು ಸಾಲಿನ ಸಮೀಕರಣ, ಎಲ್ಲೂ ದಾಳ ಉರುಳಿಸಿಲ್ಲ, ಆದರೂ ಮುಂದಿನ ಏರು ಎಷ್ಟೆತ್ತರ ಎಂದು ಕಣ್ಣಂದಾಜಿಗೆ ಹೇಳುವಂತಿಲ್ಲ.

ಹಗ್ಗದ ಕಥೆ ಇದು. ಆಘಾತ ಒಂಚೂರು ನಿಧಾನವಾದರೆ ಅನಿಲ ಒಂಚೂರು ಕಡಿಮೆ ಕಾಯುತ್ತದೆ. ಆದರೆ ಉರಿ ಹತ್ತುವ ಹೊತ್ತು ಒಂಚೂರಲ್ಲ, ಘಾತೀಯವಾಗಿ ಹೆಚ್ಚುತ್ತದೆ. ಓಟಗಾರ ಹಿಂದೆ ಬೀಳುತ್ತಾನೆ, ಅಟ್ಟುವವರಿಲ್ಲದೆ ಕೋಣ ಇನ್ನೂ ನಿಧಾನವಾಗುತ್ತದೆ. ಅಷ್ಟರಲ್ಲಿ ನಡುವೆ ಬಿಸಿಯಾದ, ಉರಿಯದ ಅನಿಲ ರಾಶಿ ಬಿದ್ದಿರುತ್ತದೆ. ಅದು ಒಮ್ಮೆಲೇ ಹೊತ್ತಿಕೊಂಡು ಹಿಂದಿನಿಂದ ಗುದ್ದುತ್ತದೆ. ಕೋಣ ಹುಚ್ಚೆದ್ದು ಓಡುತ್ತದೆ. ಮತ್ತೆ ಮೊದಲಿನಿಂದ.

ಇದನ್ನು ಮೊದಲು ಕಂಡವಳು ನಾನೇನಲ್ಲ. ಫಿಕೆಟ್ ಮತ್ತು ವುಡ್ ಎಂಬವರು 1966ರಲ್ಲೇ ಕಂಪ್ಯೂಟರಿನಲ್ಲಿ ಈ ಮಿಡಿತ ಕಂಡಿದ್ದರು. 2006ರಲ್ಲಿ ಹೆನ್ರಿಕ್, ಅಸ್ಲಾಮ್, ಪವರ್ಸ್ ಎಂಬ ಮೂವರು ಬಹಳ ನಿಖರವಾಗಿ ಲೆಕ್ಕ ಮಾಡಿ ಮಿಡಿತ ಶುರುವಾಗುವುದು 25.26ರ ಆಸುಪಾಸಿನಲ್ಲಿ, ದೊಡ್ಡದು-ಸಣ್ಣದು ಆಟ ಶುರುವಾಗುವುದು 27.2ರ ಹತ್ತಿರ ಎಂದು ತೋರಿಸಿದರು. ಮುಂದೆ ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಕೊನೆಗೆ ಅಸ್ತವ್ಯಸ್ತ. ಈ ಕವಲುಗಳ ಅಂತರಗಳ ಅನುಪಾತ ಫೈಗೆನ್‌ಬಾಮ್ 1970ರ ದಶಕದಲ್ಲಿ ಕಂಡುಕೊಂಡ 4.669ರ ಹತ್ತಿರವೇ ಬರುತ್ತದೆ. ಪ್ರಾಣಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿಯುತ್ತದೆ ಎಂಬ ಪುಟ್ಟ ಸಮೀಕರಣದಲ್ಲೂ ಬರುವ ಸಂಖ್ಯೆ ಅದು! ಮೊಲಗಳಿಗೂ ಬೆಂಕಿಗೂ ಏನು ಸಂಬಂಧ ಎಂದು ಒಂದು ಸಂಜೆ ಪೂರ್ತಿ ಯೋಚಿಸಿದ್ದೇನೆ. ಇಂಟರ್ನಲ್ಸ್ ಇದ್ದ ವಾರ ಅದು, ಅದು ಬೇರೆ ಮಾತು.

ನನ್ನ ಕೊಳವೆ ಒಂದೇ ಆಯಾಮದ್ದು. ನಿಜವಾದ ಕೊಳವೆಗೆ ಅಗಲವಿದೆ, ಅಲ್ಲಿ ಈ ಮಿಡಿತ ಅಡ್ಡಡ್ಡವಾಗಿಯೂ ಹರಡುತ್ತದೆ. ಡೆನಿಸೊವ್ ಮತ್ತು ತ್ರೋಶಿನ್ ಎಂಬ ಸೋವಿಯತ್ ವಿಜ್ಞಾನಿಗಳು 1959ರಲ್ಲಿ ಅದನ್ನು ಹಿಡಿದದ್ದು ದೀಪದ ಕಾಡಿಗೆಯಂಥ ಮಸಿಯಿಂದ. ಕೊಳವೆಯ ಒಳಗೋಡೆಗೆ ಮಸಿ ಹಿಡಿದ ಹಾಳೆ ಇಟ್ಟು ಅಲೆಯನ್ನು ಹಾಯಿಸಿದರೆ, ಮಸಿಯ ಮೇಲೆ ಮೀನಿನ ಹೊರೆಯಂಥ ಚಿತ್ತಾರ ಮೂಡುತ್ತದೆ. ಒಂದೊಂದು ಹೊರೆಯ ಅಗಲವೇ ಆ ಇಂಧನದ ಗುರುತು. ಹೈಡ್ರೋಜನ್-ಗಾಳಿಗೆ ಅದು ಒಂದು-ಒಂದೂವರೆ ಸೆಂಟಿಮೀಟರ್. ಮಿಥೇನ್-ಗಾಳಿಗೆ ಸುಮಾರು 30 ಸೆಂಟಿಮೀಟರ್! ಕೊಳವೆಯ ವ್ಯಾಸ ಹೊರೆಯ ಅಗಲದ ಸುಮಾರು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಅಲೆ ಬದುಕುವುದು ಕಷ್ಟ. ಎರಡು ಇಂಚಿನ ಪೈಪ್‌ನ ಒಗಟು ಬಿಡಿಸಿತಲ್ಲ? ಅಣ್ಣತಮ್ಮಂದಿರ ವೇಗ ಒಂದೇ, ಸ್ವಭಾವ ಬೇರೆ. ಆದರೆ ಈ ಹೊರೆಯ ಅಗಲವನ್ನು ಬರೀ ಸಮೀಕರಣದಿಂದ ನಂಬಿಕೆಯಿಂದ ಹೇಳುವುದು ಈಗಲೂ ಕಷ್ಟ. ಮಸಿಯ ಹಾಳೆಯದೇ ಕೊನೇ ಮಾತು.

ನಮ್ಮ ಕಡೆಯ ವಿಷಯಕ್ಕೆ ಬರುತ್ತೇನೆ. ನನ್ನ ಊರು ಶಿವಮೊಗ್ಗದ ಹತ್ತಿರ. 2021ರ ಜನವರಿ 21ರ ರಾತ್ರಿ ಹತ್ತೂಕಾಲು ದಾಟಿತ್ತು, ನಾನಾಗ ಎಸ್‌ಎಸ್‌ಎಲ್‌ಸಿ. ಕಿಟಕಿ ಗಾಜು ಗಡಗಡ ಅಂದಿತು, ಭೂಕಂಪ ಎಂದು ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಅಕ್ಕಪಕ್ಕದ ಜಿಲ್ಲೆಗಳವರಿಗೂ ಹಾಗೇ ಅನಿಸಿತ್ತಂತೆ. ಹುಣಸೋಡಿನ ಕ್ವಾರಿ ಬಳಿ ಸ್ಫೋಟಕ ಸಿಡಿದಿತ್ತು, ಅಲ್ಲಿದ್ದ ಕಾರ್ಮಿಕರು ಸತ್ತಿದ್ದರು. ಮುಂದಿನ ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಹೋದರು. ಸುದ್ದಿಯಲ್ಲಿ ಎರಡಕ್ಕೂ ‘ಸ್ಫೋಟ’ ಎಂದೇ ಬಂತು. ಮೈಲಿಗಟ್ಟಲೆ ದೂರದ ಕಿಟಕಿಯನ್ನು ಅಲುಗಿಸಿದ್ದು ಯಾವ ಬೆಂಕಿ ಎಂದು ನನಗೆ ಹೆಸರು ಸಿಕ್ಕಿದ್ದು ಈ ವರ್ಷ.

ಕ್ವಾರಿಯಲ್ಲಿ ಪ್ರಶ್ನೆ ತಿರುಗಾಮುರುಗಾ ಆಗುತ್ತದೆ ಎಂಬುದು ಓದುತ್ತಾ ತಿಳಿಯಿತು. ಪೈಪ್‌ನಲ್ಲಿ ಅಲೆ ಸಾಯಲಿ ಎಂದು ಬಯಸುತ್ತೇವೆ. ಬಂಡೆಯ ಕುಳಿಯಲ್ಲಿ ಅಲೆ ಅರ್ಧಕ್ಕೆ ಸತ್ತರೆ ಅದೇ ಗಂಡಾಂತರ. ಅಮೋನಿಯಂ ನೈಟ್ರೇಟ್ ಆಧಾರದ ಸ್ಫೋಟಕಗಳು ನಿಧಾನವಾಗಿ ಉರಿಯುವಂಥವು. ಹಾಗಾಗಿ ಕುಳಿಯ ಅಗಲದ ಮೇಲೆ ಅವುಗಳ ವೇಗ ನಿಂತಿರುತ್ತದೆ. ಅಗಲ ಕಮ್ಮಿಯಾದರೆ ಬದಿಗಳಿಂದ ಶಕ್ತಿ ಸೋರಿ, ಅಲೆಯ ಮುಖ ಬಾಗಿ, ವೇಗ ಇಳಿಯುತ್ತದೆ, ಒಂದು ಹಂತದಲ್ಲಿ ನಿಂತೇ ಹೋಗುತ್ತದೆ. ಸಿಡಿಯದೆ ಉಳಿದ ಮದ್ದು ಬಂಡೆಯೊಳಗೆ ಕೂತಿರುತ್ತದೆ. ಮುಂದೆ ಅಲ್ಲೇ ಡ್ರಿಲ್ ಇಡುವ ಕೂಲಿಯವನಿಗೆ ಅದು ಗೊತ್ತಿರುವುದಿಲ್ಲ. ಬಾಗಿದ ಅಲೆ ಎಷ್ಟು ನಿಧಾನವಾಗುತ್ತದೆ ಎಂಬ ಲೆಕ್ಕವನ್ನು ವುಡ್ ಮತ್ತು ಕರ್ಕ್‌ವುಡ್ 1954ರಲ್ಲಿ ಶುರು ಮಾಡಿದರು; ಬ್‌ಡ್ಜಿಲ್, ಸ್ಟೂವರ್ಟ್ ಮುಂತಾದವರು ಬೆಳೆಸಿದರು. ಬಂಡೆ ಸಿಡಿಸುವಿಕೆಯ ಕಂಪನ ಅಳೆಯುವ ನಮ್ಮದೇ ಸಂಸ್ಥೆಯೊಂದಿದೆ, ಕೆಜಿಎಫ್‌ನಲ್ಲಿ 1988ರಲ್ಲಿ ಶುರುವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ. ಮೆಕ್ಯಾನಿಕಲ್, ಮೈನಿಂಗ್ ಓದುವ ಎಷ್ಟೋ ಮಂದಿಗೆ ಅದರ ಹೆಸರೂ ಗೊತ್ತಿಲ್ಲ.

ಈಗ ಗೆಳತಿಯರ ಪ್ರಶ್ನೆ. ಕ್ಯಾಂಪಸ್‌ಗೆ ಬರುವ ಕಂಪನಿಗಳಲ್ಲಿ ಡಿಟೊನೇಷನ್ ಬಗ್ಗೆ ಕೇಳುವವರು ಯಾರೂ ಇಲ್ಲ, ಸುಳ್ಳು ಹೇಳಲಾರೆ. ಆದರೆ ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್‌ನ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಅಷ್ಟು ಹೈಡ್ರೋಜನ್ ತೊಟ್ಟಿಗಳಲ್ಲಿ, ಪೈಪ್‌ಗಳಲ್ಲಿ, ಲಾರಿಗಳಲ್ಲಿ ಓಡಾಡಬೇಕು. ಇಷ್ಟು ದಿನ ನಾವು ಪಳಗಿರುವುದು 30 ಸೆಂಟಿಮೀಟರ್ ಹೊರೆಯ ಅನಿಲದ ಜತೆ. ಬರುತ್ತಿರುವುದು ಒಂದೂವರೆ ಸೆಂಟಿಮೀಟರ್‌ನದು. ಪೈಪ್ ಎಷ್ಟು ಅಗಲ, ಕವಾಟ ಎಲ್ಲಿ, ನಡೆಯುವ ಬೆಂಕಿ ಓಡುವ ಬೆಂಕಿಯಾಗದಂತೆ ತಡೆಯುವುದು ಹೇಗೆ ಎಂದು ಯಾರಾದರೂ ಲೆಕ್ಕ ಹಾಕಲೇಬೇಕಲ್ಲ? ಇನ್ನೊಂದು ಕಡೆ, ಈ ಅಲೆಯನ್ನೇ ಉಂಗುರದಾಕಾರದ ಕೋಣೆಯಲ್ಲಿ ಗಿರಗಿರ ಸುತ್ತಿಸಿ ರಾಕೆಟ್ ಓಡಿಸುವ ಪ್ರಯತ್ನ ನಡೆದಿದೆ. 2021ರ ಜುಲೈನಲ್ಲಿ ಜಪಾನಿನವರು ಅಂಥ ಎಂಜಿನ್ ಅನ್ನು ಬಾಹ್ಯಾಕಾಶದಲ್ಲಿ ಉರಿಸಿ ತೋರಿಸಿದರು. ದಹನ ಸಂಶೋಧನೆಗೆ ಐಐಟಿ ಮದ್ರಾಸ್‌ನಲ್ಲೊಂದು ರಾಷ್ಟ್ರೀಯ ಕೇಂದ್ರವಿದೆ. ನಮ್ಮ ಐಐಎಸ್‌ಸಿಯಲ್ಲಿ ಪ್ರೊ. ಕೆ.ಪಿ.ಜೆ. ರೆಡ್ಡಿ ಅವರು ಕೈಯಿಂದ ತಳ್ಳಿಯೇ ಆಘಾತ ತರಂಗ ಹುಟ್ಟಿಸುವ ‘ರೆಡ್ಡಿ ಟ್ಯೂಬ್’ ರೂಪಿಸಿದರು. ಲಕ್ಷಗಟ್ಟಲೆ ಬೆಲೆಯ ಲ್ಯಾಬ್ ಇಲ್ಲದ ಕಾಲೇಜುಗಳವರು ಅದನ್ನೊಮ್ಮೆ ನೋಡಬೇಕು. ಗೇಟ್ ಬರೆಯಬೇಕು, ಎಂ.ಟೆಕ್ ಸೀಟು ಸಿಗಬೇಕು, ಆಮೇಲೆ ಮುಂದಿನದು. ಉದ್ದದ ದಾರಿಯೇ. ನಡುವೆ ಸಾಫ್ಟ್‌ವೇರ್ ಆಫರ್ ಬಂದರೆ ಏನು ಮಾಡುತ್ತೀಯಾ ಎಂದರೆ, ಅಪ್ಪನ ಸಾಲದ ಕಂತು ನೋಡಿ ಹೇಳಬೇಕಾದ ಉತ್ತರ ಅದು.

ಪ್ರಾಜೆಕ್ಟ್ ಈಗ ಎಲ್ಲಿದೆ ಎಂದರೆ, ಕೊಳವೆಯ ಗೋಡೆಗೆ ಶಕ್ತಿ ಸೋರುವುದನ್ನು ಹೊಸ ಪದವಾಗಿ ಸೇರಿಸಿದ್ದೇನೆ. ಝೆಲ್ಡೋವಿಚ್ 1940ರಲ್ಲಿ ಬರೆದದ್ದೂ ಇದರ ಬಗ್ಗೆಯೇ. ಸೋರಿಕೆ ಸ್ವಲ್ಪವಿದ್ದರೆ ವೇಗ ಕೊಂಚ ಇಳಿಯುತ್ತದೆ, ಅಷ್ಟೇ. ಭಾನುವಾರ ಅದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋದೆ. ಒಂದು ಬೆಲೆಯವರೆಗೆ ಅಲೆ ಏದುಸಿರು ಬಿಡುತ್ತಾ ಓಡಿತು. ಅದಾದ ಮುಂದಿನ ರನ್‌ನಲ್ಲಿ, ಪರದೆಯ ಮೇಲೆ ಒತ್ತಡದ ಗೆರೆಯೂ ಉರಿಯ ಗೆರೆಯೂ ಮೊದಲು ಜತೆಯಾಗಿಯೇ ಹೊರಟವು; ಆಮೇಲೆ ಉರಿಯ ಗೆರೆ ಹಿಂದುಳಿಯಿತು, ಇನ್ನಷ್ಟು ಹಿಂದುಳಿಯಿತು, ಆಘಾತ ಒಂಟಿಯಾಗಿ ಸಪ್ಪಗಾಗುತ್ತಾ ಹೋಯಿತು. ಗೈಡ್‌ಗೆ ತೋರಿಸಿದೆ. ಆಕ್ಟಿವೇಷನ್ ಎನರ್ಜಿ ಬದಲಿಸಿದಂತೆ ಅಲೆ ಸಾಯುವ ಈ ಗಡಿ ಹೇಗೆ ಸರಿಯುತ್ತದೆ ಎಂದು ಒಂದು ಪೂರ್ತಿ ಗ್ರಾಫ್ ಬೇಕು ಅಂದಿದ್ದಾರೆ. ಕನಿಷ್ಠ 30 ರನ್, ಒಂದೊಂದಕ್ಕೆ 80 ನಿಮಿಷ. ಏಳನೆಯದು ಈಗ ಓಡುತ್ತಿದೆ.